ಶಾಸನ ಓದಿಸುವುದಾದರೆ ಹೀಗೆ ಓದಿಸಿ

ಶಾಲೆಗಳಲ್ಲಿ ಇತಿಹಾಸದ ಪರೀಕ್ಷೆಯನ್ನು ಕೈಬಿಟ್ಟು ಅದರ ಬದಲು ಪ್ರಾಜೆಕ್ಟ್ ಕೊಟ್ಟರೆ ಸಾಕು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ತೊಡಕು ಇರುವುದು ಬೇರೆ ಕಡೆ. ಮಹಾರಾಷ್ಟ್ರದ ಈಗಿನ ಪುಸ್ತಕಗಳಲ್ಲಿ ಪ್ರಾಚೀನ ಭಾರತ 6ನೇ ತರಗತಿಗೇ ಮುಗಿಯುತ್ತದೆ. 9ರಲ್ಲಿ ಸ್ವಾತಂತ್ರ್ಯಾನಂತರದ ಭಾರತ, 10ರಲ್ಲಿ ಇತಿಹಾಸಲೇಖನ (ಆಧಾರಗಳಿಂದ ಇತಿಹಾಸ ಬರೆಯುವ ವಿಧಾನ), ಮಾಧ್ಯಮ, ಪ್ರವಾಸೋದ್ಯಮ. ಆಧಾರಗಳನ್ನು ಪರೀಕ್ಷಿಸುವ ವಿಧಾನ ತಿಳಿಯುವ ಹೊತ್ತಿಗೆ ಮಕ್ಕಳ ಕೈಯಲ್ಲಿ ಹಳೆಯ ಆಧಾರವೇ ಇರುವುದಿಲ್ಲ!

ಮುಂಬಯಿಯ ಕನ್ನಡ ಶಾಲೆಗಳಿಗೆ ಐಹೊಳೆ ಶಾಸನ ಹೇಳಿ ಮಾಡಿಸಿದಂತಿದೆ. ಬಾದಾಮಿ ಚಾಲುಕ್ಯರ ದೊರೆ ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಲಕ್ಷ್ಮಿಯಂಥ ‘ಪುರಿ’ಗೆ ನೌಕಾಪಡೆಯೊಂದಿಗೆ ಮುತ್ತಿಗೆ ಹಾಕಿದ ಎನ್ನುತ್ತದೆ ಅದು. ಆ ಪುರಿ ನಮ್ಮ ಘಾರಾಪುರಿಯೇ (ಎಲಿಫೆಂಟಾ ದ್ವೀಪ) ಎಂದು ಹಲವರು, ಅಲ್ಲವೆಂದು ಕೆಲವರು. ಎರಡು ಪದ್ಯಗಳ ಕನ್ನಡ ಅನುವಾದ, ಒಂದು ಕರಾವಳಿ ನಕ್ಷೆ, ಒಂದು ಪೀರಿಯಡ್ ಸಾಕು. ಮೊದಲು ಬರೆದವನು ಯಾರು ಎಂದು ಕೇಳಿ: ರವಿಕೀರ್ತಿ, ಪುಲಕೇಶಿಯ ಆಶ್ರಯ ಪಡೆದ ಕವಿ, ಹಾಗಾಗಿ ಹೊಗಳಿಕೆಯನ್ನು ಸೋಸಬೇಕು. ಆಮೇಲೆ ಕಾಲ: ಶಾಸನದಲ್ಲಿರುವ ಶಕ 556ಕ್ಕೆ 78 ಸೇರಿಸಿದರೆ ಕ್ರಿ.ಶ. 634. ಎಡವುವುದು ಇಲ್ಲೇ. ಶಕವರ್ಷ ಚೈತ್ರದಲ್ಲಿ ಶುರುವಾಗುವುದರಿಂದ ಜನವರಿ–ಮಾರ್ಚ್ ತಿಂಗಳ ತಿಥಿಗಳಿಗೆ 79 ಕೂಡಿಸಬೇಕು. ಕೊನೆಗೆ ಉತ್ತರದ ಸಾಮ್ರಾಟ ಹರ್ಷ ಪುಲಕೇಶಿಗೆ ಸೋತನೆಂಬ ಶಾಸನದ ಮಾತನ್ನು ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನ ಬರಹದೊಂದಿಗೆ ಮಕ್ಕಳು ಹೋಲಿಸಲಿ.

ಇದನ್ನೇ ಪ್ರಾಜೆಕ್ಟ್ ಎಂದು ಮನೆಗೆ ಕೊಟ್ಟರೆ ಮೊಬೈಲ್‌ನಿಂದ ಇಳಿಸಿದ ನಾಲ್ಕು ಪುಟ ಬರುತ್ತದೆ, ಮುಖಪುಟಕ್ಕೆ ಮಿನುಗು ಬೇರೆ. ತರಗತಿಯಲ್ಲೇ ಬರೆಸಿ, ಅಂಕವನ್ನು ಉತ್ತರಕ್ಕಲ್ಲ, ಕೊಟ್ಟ ಕಾರಣಕ್ಕೆ ಹಾಕಿ. ಕೋಟೆ ಪ್ರದೇಶದ ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯದಲ್ಲಿ ಐಹೊಳೆಯ ಛಾವಣಿ ಶಿಲ್ಪಗಳೂ ಇವೆ, ಪಾಠ ಮುಗಿದ ವಾರವೇ ತೋರಿಸಬಹುದು.