ಗಿಟಾರ್ ಬಿಟ್ಟಿದ್ದೇ ಒಳ್ಳೇದಾಯ್ತು

ಲೇಖನ ಚೆನ್ನಾಗಿದೆ ಸಾರ್, ಆದರೆ 'ಓಕೆ ಕಂಪ್ಯೂಟರ್ ಆದಮೇಲೆ ರೇಡಿಯೋಹೆಡ್ ದಾರಿ ತಪ್ಪಿತು' ಅಂತ ಈ ಬ್ರಿಟಿಷ್ ರಾಕ್ ಬ್ಯಾಂಡಿನ ಬಗ್ಗೆ ನೀವು ಬರೆದಿದ್ದನ್ನ ಒಪ್ಪೋಕಾಗಲ್ಲ. 1997ರ ಆ ಆಲ್ಬಮ್ಮಿನ ಗಿಟಾರ್ ಧಾಟಿಯಲ್ಲೇ ಇನ್ನೆರಡು ಮಾಡಿ ಹಾಯಾಗಿ ಇರಬಹುದಿತ್ತು. ಮಾಡಲಿಲ್ಲ, ಅದೇ ಅವರ ಗಟ್ಟಿತನ.

2000ದ 'ಕಿಡ್ ಎ' ಆಲ್ಬಮ್ಮಿನ ಮೊದಲ ಹಾಡನ್ನ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಗಿಟಾರ್ ಸುಳಿವೇ ಇಲ್ಲ, ಬರೀ ಕೀಬೋರ್ಡು. ಗಾಯಕ ಥಾಮ್ ಯಾರ್ಕ್ ದನಿಯನ್ನೇ ಚೂರು ಮಾಡಿ ಎಡಕ್ಕೂ ಬಲಕ್ಕೂ ಎಸೆದಿದ್ದಾರೆ. ಒಂದೂ ಸಿಂಗಲ್ (ಬಿಡಿ ಹಾಡು) ಬಿಡದೆ ಆ ಆಲ್ಬಮ್ಮು ಅಮೆರಿಕದಲ್ಲಿ ನಂಬರ್ ಒನ್ ಆಯ್ತು! ಬ್ಯಾಂಡಿನ ಗಿಟಾರಿಸ್ಟ್ ಜಾನಿ ಗ್ರೀನ್‌ವುಡ್ ಅದರಲ್ಲಿ ನುಡಿಸಿದ ಓಂಡ್ ಮಾರ್ತೆನೋ ಅನ್ನೋ ಹಳೇ ಫ್ರೆಂಚ್ ವಾದ್ಯದಲ್ಲಿ ಬೆರಳಿಗೆ ಉಂಗುರ ಹಾಕಿ ತಂತಿ ಎಳೀತಾರೆ. ಸ್ವರದಿಂದ ಸ್ವರಕ್ಕೆ ಅದು ಜಾರೋ ರೀತಿ, ವೀಣೆ ಕೇಳಿ ಬೆಳೆದ ಕಿವಿಗೆ ಹೊಸದೇನಲ್ಲ ಬಿಡಿ.

2007ರಲ್ಲಿ 'ಇನ್ ರೇನ್‌ಬೋಸ್' ಆಲ್ಬಮ್ ಬಿಟ್ಟಾಗ 'ನಿಮಗೆ ತೋಚಿದಷ್ಟು ದುಡ್ಡು ಕೊಡಿ' ಅಂದಿದ್ದನ್ನ ಬರೆದಿದ್ದೀರಿ, ಸರಿ. ಆದರೆ ಇಂಗ್ಲೆಂಡಿನ ಆಬಿಂಗ್ಡನ್ ಸ್ಕೂಲಲ್ಲಿ ಜೊತೆಯಾದ ಅದೇ ಐದು ಜನ ಇವತ್ತಿಗೂ ಒಟ್ಟಿಗಿದ್ದಾರೆ ಅನ್ನೋದು ಬಿಟ್ಟುಹೋಗಿದೆ. ಅಣ್ಣತಮ್ಮ (ಇಲ್ಲಿ ಕಾಲಿನ್, ಜಾನಿ) ಇರೋ ಬ್ರಿಟಿಷ್ ಬ್ಯಾಂಡಲ್ಲಿ ಇದೇನು ಸಣ್ಣ ವಿಷಯಾನಾ? ಅಣ್ಣತಮ್ಮನ ಜಗಳದಲ್ಲಿ 2009ರಲ್ಲಿ ಒಡೆದುಹೋದ ಓಯಸಿಸ್ ಬ್ಯಾಂಡಿನವರನ್ನ ಕೇಳಿ ನೋಡಿ!

ಇನ್ನೊಂದು, ಇದೇ ಜಾನಿ ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ರಾಜಸ್ಥಾನಿ ಕಲಾವಿದರ ಜೊತೆ ಕೂತು ಮಾಡಿದ 'ಜುನೂನ್' ಆಲ್ಬಮ್ (2015) ಬಗ್ಗೆ ಬೇರೆಯಾಗೇ ಬರೀರಿ, ಕಾಯ್ತೀನಿ.