ಮಾರ್ಚ್ ತಿಂಗಳ ಚೀಟಿಗಳು

ಅಪ್ಪಂದಿರಿಗೆ ಪ್ರೀತಿ ತೋರಿಸಲು ಬರುವುದಿಲ್ಲ ಎಂಬ ಮಾತನ್ನು ನಾವು ಮಕ್ಕಳು ಬಹಳ ಸಲೀಸಾಗಿ ಆಡುತ್ತೇವೆ. ನಮ್ಮಪ್ಪನ ವಿಷಯದಲ್ಲಿ ಅದು ಶುದ್ಧ ಸುಳ್ಳೆಂದು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ.

ಕನಕಪುರದ ಕಡೆಯ ನಮ್ಮ ಮನೆಯಲ್ಲಿ ರೇಷ್ಮೆಯೇ ಬದುಕು. ಮೊಟ್ಟೆಯೊಡೆದ ಹುಳು ನಾಲ್ಕು ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹಂತ) ಕಳೆದು ಗೂಡು ಕಟ್ಟುವುದಕ್ಕೆ ಹೆಚ್ಚುಕಡಿಮೆ 25ರಿಂದ 28 ದಿನ ಬೇಕು. ತಾನು ತಿನ್ನುವ ಒಟ್ಟು ಹಿಪ್ಪುನೇರಳೆ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚನ್ನು ಅದು ನಾಲ್ಕನೇ ಜ್ವರ ಎದ್ದ ಮೇಲೆಯೇ ತಿನ್ನುವುದರಿಂದ, ಆ ಕೊನೆಯ ವಾರ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಹುಳು ಹಣ್ಣಾಗಿ, ಅದನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ದಿನವಂತೂ ಮಕ್ಕಳಿಗೆ ಶಾಲೆ ತಪ್ಪಿದ್ದೇ. ರೇಷ್ಮೆ ಸೀರೆಯ ಬೆಲೆ ಕೇಳಿ ಹುಬ್ಬೇರಿಸುವವರು ಒಮ್ಮೆ ಬಂದು ನೋಡಬೇಕು.

ನಾನು ಎಸ್‌ಎಸ್‌ಎಲ್‌ಸಿಗೆ ಬಂದ ವರ್ಷದಿಂದ ಅಪ್ಪ ಫೆಬ್ರುವರಿಯಲ್ಲಿ ಚಾಕಿ, ಅಂದರೆ ಸಾಕಲು ಎಳೆಯ ಹುಳು, ತರುವುದನ್ನು ನಿಲ್ಲಿಸಿದರು. ಕೇಳಿದರೆ, "ಬಿಸ್ಲು ಜಾಸ್ತಿ, ಹುಳ ನಿಲ್ಲಕಿಲ್ಲ" ಎಂದಷ್ಟೇ ಉತ್ತರ. ಪಕ್ಕದ ಮನೆಯವರು ಕಿಟಕಿಗಳಿಗೆ ಗೋಣಿತಾಟು ನೆನೆಸಿ ಕಟ್ಟಿ, ಅದೇ ಬಿಸಿಲಿನಲ್ಲಿ ಬೆಳೆ ತೆಗೆದು, ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆಯ ರೇಟಿಗೆ ಗೂಡು ಮಾರಿ ಬರುತ್ತಿದ್ದರು. ಮುಂದೆ ಡಿಗ್ರಿಯ ಫೀಸಿಗೆ ಸಾಲ ಮಾಡಬೇಕಾಗಿ ಬಂದಾಗ, "ಮೈ ಬಗ್ಗಿಸಿದ್ರೆ ಈ ಗತಿ ಬರ್ತಿತ್ತಾ?" ಎಂದು ಅಪ್ಪನ ಎದುರಿಗೇ ಕೇಳಿದ್ದೆ. ಅವರು ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ತೋಟದ ಕಡೆ ನಡೆದರು.

ಗೂಡು ಮಾರಿದ ಚೀಟಿಗಳನ್ನು ಅವರು ವರ್ಷವಾರು ದಾರ ಕಟ್ಟಿ ಟ್ರಂಕಿನಲ್ಲಿ ಇಟ್ಟಿದ್ದರು. ನನ್ನ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ವರ್ಷಗಳ ಮಾರ್ಚ್ ತಿಂಗಳಲ್ಲಿ ಒಂದು ಚೀಟಿಯೂ ಇಲ್ಲ. ನಾನು ಹಾಸ್ಟೆಲ್ ಸೇರಿದ ಮರುವರ್ಷದಿಂದ ಮಾರ್ಚ್‌ನಲ್ಲಿಯೂ ಇವೆ. ಬಿಸಿಲೇನೂ ಆ ವರ್ಷ ಕಡಿಮೆಯಾಗಿರಲಿಲ್ಲ. ಅವ್ವನನ್ನು ಕೇಳಿದೆ. "ಪರೀಕ್ಷೆ ಹೊತ್ನಲ್ಲಿ ಮಗಿನ್ ಕೈಲಿ ಸೊಪ್ಪು ಕುಯ್ಸೋದಾ ಅಂತಿದ್ರು. ಹೇಳ್ಬ್ಯಾಡ ಅಂದಿದ್ರು" ಎಂದಳು.

ಹೇಳಬಹುದಿತ್ತಲ್ಲ ಎಂದು ಅಪ್ಪನ ಮೇಲೆ ಈಗಲೂ ಒಂದಿಷ್ಟು ಸಿಟ್ಟಿದೆ. ಆದರೆ ಒಂದು ಇಡೀ ಬೆಳೆಯನ್ನು ನನಗಾಗಿ ಬಿಟ್ಟಿದ್ದಾರೆಂದು ಗೊತ್ತಿದ್ದರೆ, ಪುಸ್ತಕ ಹಿಡಿದಾಗಲೆಲ್ಲ ಆ ನಷ್ಟದ ಲೆಕ್ಕವೇ ನನ್ನ ತಲೆಯಲ್ಲಿ ಕೂರುತ್ತಿತ್ತು. ಅವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ. ಆ ಸಾಲವನ್ನು ಕೆಲಸಕ್ಕೆ ಸೇರಿದ ಮೇಲೆ ನಾನೇ ತೀರಿಸಿದೆ, ಪ್ರತಿ ಕಂತಿಗೂ ಅಪ್ಪನನ್ನು ಹಂಗಿಸುತ್ತಲೇ ತೀರಿಸಿದೆ.