ಶಾಸಕರು ಬಿಡುಗಡೆ ಮಾಡಿದ ಮೊಸಳೆ

ಪುಸ್ತಕ ಬಿಡುಗಡೆಯ ಫೋಟೊ ನೀವೂ ನೋಡಿರುತ್ತೀರಿ, ಜಿಲ್ಲಾ ಪುಟದ ನೆತ್ತಿಯ ಮೇಲೇ ಇತ್ತು. ಹನ್ನೊಂದು ಮಂದಿ ಗಣ್ಯರು ಪುಸ್ತಕ ಎದೆಗೆ ಆನಿಸಿ ನಿಂತಿದ್ದಾರೆ. ಅದರಲ್ಲಿ ನಾಲ್ಕು ತಲೆಕೆಳಗು. ಪುಸ್ತಕಗಳ ಮಾತು ಹೇಳಿದೆ, ಗಣ್ಯರು ನೆಟ್ಟಗೇ ಇದ್ದರು. ಎಡ ಅಂಚಿನಲ್ಲಿ ಅರ್ಧ ಕನ್ನಡಕ ಮತ್ತು ಒಂದು ಕಿವಿ ಕಾಣುತ್ತದಲ್ಲ, ಆ ಕಿವಿಯೇ ಕಾದಂಬರಿಕಾರರು. ತಲೆಬರಹ: ‘ಸಾಹಿತ್ಯ ಸಮಾಜದ ಕನ್ನಡಿ: ಶಾಸಕ’. ಸುದ್ದಿಯನ್ನು ಎರಡು ಸಲ ಓದಿದರೂ ಕಾದಂಬರಿಯ ಹೆಸರು ಸಿಗಲಿಲ್ಲ. ಊಟದ ವ್ಯವಸ್ಥೆ ಮಾಡಿದವರ ಹೆಸರು ಇನಿಷಿಯಲ್ ಸಮೇತ ಇದೆ.

ನಮ್ಮ ಬಾಗಲಕೋಟೆಯ ಈ ಮಾಸ್ತರು ನೌಕರಿ ಸೇರಿದ ಹೊಸದರಲ್ಲಿ ಹಿಡಿದ ಫ್ಯಾಂಟಸಿ ಕಾದಂಬರಿ ಪೆನ್ಶನ್ ಶುರುವಾದ ಮೇಲೆ ಹೊರಬಿತ್ತು. ಮೊದಲ ಕರಡು ಕಿರಾಣಿ ಅಂಗಡಿಯ ಹಳೆ ಕೀರ್ದಿ ಪುಸ್ತಕದ ಬೆನ್ನ ಮೇಲೆ ಬರೆದದ್ದು. ಆಮೇಲೆ ಡಿಟಿಪಿಯವನ ಕೈಗೆ ಹೋಯಿತು. ಅವನು ‘ನುಡಿ’ ತಂತ್ರಾಂಶದಲ್ಲಿ ಹೊಡೆದ. ನಾಲ್ಕಾರು ವರ್ಷದ ಮೇಲೆ ಪ್ರಕಾಶಕರು ಯೂನಿಕೋಡ್ ಬೇಕು ಅಂದರು. ನುಡಿಯಿಂದ ಯೂನಿಕೋಡಿಗೆ ದಾಟಿಸಿದವರಿಗೆ ಗೊತ್ತು, ಈ ದಂಡೆಯಲ್ಲಿ ಹತ್ತಿದ ಅರ್ಕಾವತ್ತು ಆ ದಂಡೆಯಲ್ಲಿ ಇಳಿಯುವ ಖಾತ್ರಿಯಿಲ್ಲ. ಕಥಾನಾಯಕಿ ಮುನ್ನೂರು ಪುಟದುದ್ದಕ್ಕೂ ‘ಧೈರ್ಯ’ ಕಳೆದುಕೊಂಡಳು. ಮಾಸ್ತರು ಒಂದೊಂದೇ ಹುಡುಕಿ ವಾಪಸ್ ಕೊಟ್ಟರು.

ಅದೂ ಸಾಲದೆಂಬಂತೆ ಸಲಹೆಗಾರರು. ಒಬ್ಬರು, ‘ಮೊಸಳಿ ತಗದು ಚಿರತಿ ಹಾಕ್ರಿ ಮಾಸ್ತರ, ಈಗ ಪೇಪರ್‌ನ್ಯಾಗ ಚಿರತಿದ ನಡದೈತಿ’ ಅಂದರು. ಇನ್ನೊಬ್ಬರಿಗೆ ಸಾಮಾಜಿಕ ಕಳಕಳಿ ಕಾಣಲಿಲ್ಲ. ‘ಬಣ್ಣದ ಚಿತ್ರ ಬರಸ್ರಿ, ಮಕ್ಕಳ ಪುಸ್ತಕ ಅಂತ ಮಾಡಿಬಿಡೋಣು’ ಅಂದವರೂ ಇದ್ದಾರೆ. ಮೊಸಳೆ ಮಾತಾಡಿದ ಮೇಲೆ ಅದು ಮಕ್ಕಳ ಪುಸ್ತಕವೇ ಸರಿ. ದೊಡ್ಡವರು ಓದುವ ಪುಸ್ತಕದಲ್ಲಿ ಮೊಸಳೆ ಕಣ್ಣೀರು ಮಾತ್ರ ಸುರಿಸಬೇಕು.

ಇದೆಲ್ಲಕ್ಕೂ ಕಿರೀಟ ಇಟ್ಟದ್ದು ಬೆಂಗಳೂರಿನ ಒಬ್ಬ ಪ್ರಕಾಶಕರ ಪತ್ರ. ಏಳನೇ ಅಧ್ಯಾಯದಲ್ಲಿ ಸುತ್ತ ನೀರು, ನಡುವೆ ಬಾವಿಯಂಥ ಗೋಡೆ, ಮೆಟ್ಟಿಲಿಳಿದು ತಳಕ್ಕೆ ಹೋದರೆ ಒಣನೆಲದ ಮೇಲೆ ಒಂದು ಪುಟ್ಟ ಗುಡಿ. ‘ಕಲ್ಪನೆ ಸೊಗಸಾಗಿದೆ, ಆದರೆ ಓದುಗರು ನಂಬುವುದಿಲ್ಲ’ ಎಂದು ಬರೆದಿದ್ದರು. ಕೂಡಲಸಂಗಮದ ಐಕ್ಯಮಂಟಪಕ್ಕೆ ಬಸ್ಸಿದೆ, ಬನ್ನಿ ಎಂದು ನಾನಾಗಿದ್ದರೆ ಮಾರುತ್ತರ ಬರೆಯುತ್ತಿದ್ದೆ. ಮಾಸ್ತರು ಮರ್ಯಾದಸ್ಥರು, ಕೂತು ಆ ಅಧ್ಯಾಯವನ್ನು ಮತ್ತೆ ತಿದ್ದಿದರು.

ಸಮಾರಂಭ ನವನಗರದಲ್ಲಿ, ಬೆಳಿಗ್ಗೆ ಹತ್ತೂವರೆಗೆ. ಶಾಸಕರು ಬಂದಾಗ ಒಂದು ದಾಟಿತ್ತು. ಅಲ್ಲಿತನಕ ನಾಡಗೀತೆ, ರೈತಗೀತೆ, ಭಾವಗೀತೆ ಮುಗಿದು ಹಾಡುವ ಹುಡುಗಿ ನಿರೂಪಕರ ಮುಖ ನೋಡುತ್ತಿದ್ದಳು. ಶಾಲು, ಹಾರ, ಹಣ್ಣಿನ ಬುಟ್ಟಿ ಮುಗಿಯುವ ಹೊತ್ತಿಗೆ ಕೃತಿ ಪರಿಚಯ ಮಾಡುವವರ ಕೈಗೊಂದು ಚೀಟಿ ಬಂತು: ‘ಐದು ನಿಮಿಷ’. ಶಾಸಕರು ಮೈಕು ಸರಿಮಾಡಿಕೊಂಡು, ‘ನಾ ಪುಸ್ತಕ ಓದಿಲ್ಲ. ಓದೂ ಜರೂರತ್ತ ಇಲ್ಲ. ನೀರಾಗ ಮುಳುಗಿದ ಊರು ಅಂದ ಮ್ಯಾಲ ಅದು ಸಂತ್ರಸ್ತರ ಕಥಿನ’ ಅಂದವರು, ಅಲ್ಲಿಂದ ಮುಕ್ಕಾಲು ತಾಸು ಆಲಮಟ್ಟಿ. ಮಾಸ್ತರು ಕುರ್ಚಿಯಿಂದ ಅರ್ಧ ಎದ್ದು, ‘ಅಲ್ರೀ ಸಾಹೇಬ್ರ, ಅದು ಮೊಸಳಿ ಮ್ಯಾಲ ಕುಂತು ಹೋಗೋ ಹುಡುಗಿ...’ ಅನ್ನುವಷ್ಟರಲ್ಲಿ ಚಪ್ಪಾಳೆ ಬಿತ್ತು.

ಶಾಸಕರ ತಪ್ಪಿಲ್ಲ ಬಿಡಿ. ಸರ್ಕಾರ ಬರೆಯುತ್ತಿರುವ ಕಾದಂಬರಿಯ ಮುಂದೆ ಮಾಸ್ತರರದು ಆತುರದ ಬರವಣಿಗೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲಿಟ್ಟರು, ಅದು ಮುನ್ನುಡಿ. ಅಣೆಕಟ್ಟು ಲೋಕಾರ್ಪಣೆಯಾದದ್ದು 2006ರಲ್ಲಿ. ಈಗ ನೀರು ನಿಲ್ಲುವುದು 519.60 ಮೀಟರಿಗೆ. ಅದನ್ನು 524.256 ಮೀಟರಿಗೆ ಏರಿಸಬಹುದೆಂದು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ದಶಾಂಶ ಚುಕ್ಕೆಯ ಮುಂದೆ ಮೂರಂಕಿ ನೋಡಿ! ಮಾಸ್ತರರ ರಾಜ ‘ಗೇಣುದ್ದ ಏರಿಸಿ’ ಅಂತಾನೆ, ಅದಕ್ಕೇ ಅವನನ್ನು ಯಾರೂ ನಂಬುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಐತೀರ್ಪಿನ ಪ್ರಕಟಣೆಗೆ ತಡೆ ಕೊಟ್ಟಿತು. 2013ರಲ್ಲಿ ನ್ಯಾಯಮಂಡಳಿ ತಿದ್ದುಪಡಿ ಸಮೇತ ಮತ್ತೊಂದು ವರದಿ ಕೊಟ್ಟಿತು. ಸಾಂಗಲಿ, ಕೊಲ್ಹಾಪುರ ಮುಳುಗುತ್ತವೆಂದು ಮಹಾರಾಷ್ಟ್ರದವರ ತಕರಾರು ಬೇರೆ. ಹಸ್ತಪ್ರತಿ ಸಿದ್ಧವಾಗಿ ಕೂತಿದೆ, ಕೇಂದ್ರದ ಗೆಜೆಟ್ ಎಂಬ ಪ್ರಕಾಶಕರು ಮಾತ್ರ ಇನ್ನೂ ಮನಸ್ಸು ಮಾಡಿಲ್ಲ. ನಮ್ಮಲ್ಲಿ ಪ್ರತಿ ಚುನಾವಣೆಗೂ ಅದರದೊಂದು ಹೊಸ ಮುಖಪುಟ ಬರುತ್ತದೆ.

2025ರ ಸೆಪ್ಟೆಂಬರಿನಲ್ಲಿ ಸಂಪುಟ ಸಭೆ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಎಂದು ಮುಳುಗಡೆ ಪರಿಹಾರದ ದರ ನಿಗದಿ ಮಾಡಿತು. ಒಳ್ಳೆಯ ಅಧ್ಯಾಯ, ನನಗೂ ಹಿಡಿಸಿತು. ಓದಿ ಮುಗಿಸಿ ಮುಳುಗಡೆ ಪಟ್ಟಿಯಲ್ಲಿರುವ ಹಳ್ಳಿಗೆ ಹೋಗಿ ನೋಡಿ. ಗೋಡೆ ಬಿರುಕು ಬಿಟ್ಟರೆ ಗಿಲಾವು ಮಾಡಿಸುವುದಿಲ್ಲ, ನಾಳೆ ಮುಳುಗುವ ಗೋಡೆಗೆ ಸಿಮೆಂಟು ಯಾಕೆ? ಹೊಲ ಮಾರೋಣವೆಂದರೆ ಕೊಳ್ಳುವವರಿಲ್ಲ. ‘ಮುಳುಗೂ ಊರಿಗೆ ಹೆಣ್ಣ ಹೆಂಗ ಕೊಡೂದ್ರಿ’ ಅಂತಾರೆ ಬೀಗರು. ಮುಳುಗಿದವರಿಗಾದರೂ ನವನಗರದಲ್ಲಿ ಒಂದು ಸೆಕ್ಟರ್ ನಂಬರು ಸಿಕ್ಕಿತು, ಇವರಿಗೆ ಮುಳುಗಲೂ ಬಿಡುತ್ತಿಲ್ಲ, ತೇಲಲೂ ಬಿಡುತ್ತಿಲ್ಲ. ಒಂದು ತಲೆಮಾರು ಹೀಗೆ ಕಾದು ಕಾದು ಸತ್ತಿದೆ ಸ್ವಾಮಿ. ಇದನ್ನು ವಿಡಂಬನೆ ಮಾಡಿ ಬರೆದು ಬರೆದು ನನಗೂ ಬೇಸರ ಬಂದಿದೆ. ಹೇಳಿದ್ದನ್ನೇ ಹೇಳಬೇಕು, ಕೇಳಿಸಿಕೊಳ್ಳುವವರು ಮುಂದಿನ ಸಮಾರಂಭಕ್ಕೆ ಕಾರು ಹತ್ತಿರುತ್ತಾರೆ.

ಹೋಗಲಿ, ಮಾಸ್ತರರ ವಿಷಯಕ್ಕೆ ಬರುತ್ತೇನೆ. ಅಚ್ಚಿನ ಖರ್ಚು ಅವರದೇ. ‘ಇನ್ನೂರು ಪ್ರತಿ ನೀವ ತಗೋರಿ’ ಎಂಬ ಷರತ್ತಿನ ಮೇಲೆ ಸ್ಥಳೀಯ ಪ್ರಕಾಶಕರು ತಮ್ಮ ಹೆಸರು ಹಾಕಿಕೊಟ್ಟರು. ಫ.ಗು. ಹಳಕಟ್ಟಿಯವರು ವಚನ ಅಚ್ಚು ಹಾಕಲು ವಿಜಯಪುರದಲ್ಲಿ ಮನೆ ಮಾರಿ ಪ್ರೆಸ್ಸು ತೆರೆದವರು. ಅಂಥವರ ಸೀಮೆಯಲ್ಲಿ ಎಫ್‌ಡಿ ಮುರಿಯುವುದು ಯಾವ ದೊಡ್ಡ ಮಾತು ಎಂದು ಮಾಸ್ತರು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದಾರೆ. ಮನೆಯಲ್ಲಿ ಅಕ್ಕಾವರು ಇನ್ನೂ ಹೇಳಿಕೊಂಡಿಲ್ಲ.

ಉಳಿದ ಆಸೆ ಗ್ರಂಥಾಲಯ ಖರೀದಿ. 1965ರ ಕಾಯ್ದೆಯ ಪುಣ್ಯದಿಂದ ಮನೆ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಅಂತ ನೀವೂ ಕಟ್ಟುತ್ತೀರಿ, ನಾನೂ ಕಟ್ಟುತ್ತೇನೆ. ಆ ಆರು ಪೈಸೆ ಪುಸ್ತಕದ ಕಪಾಟಿಗೆ ಮುಟ್ಟದೆ ಸ್ಥಳೀಯ ಸಂಸ್ಥೆಗಳ ಖಾತೆಯಲ್ಲೇ ಬಾಕಿ ಉಳಿಯುತ್ತದೆಂಬುದು ರಾಜ್ಯದುದ್ದಕ್ಕೂ ಹಳೆಯ ದೂರು. ಮೊಸಳೆ ಮಾತಾಡುವುದು ನಂಬಲಸಾಧ್ಯ ಅಂದವರಾರೂ ಈ ಆರು ಪೈಸೆಯ ಬಗ್ಗೆ ತುಟಿ ಬಿಚ್ಚಿದ್ದನ್ನು ಕಾಣೆ.

ಆದರೂ ಮಾಸ್ತರು ಅರ್ಜಿ ಹಿಡಿದು ಒಂದು ಕಚೇರಿಗೆ ಹೋದರು. ‘ಸಾಮಾಜಿಕನೋ ಐತಿಹಾಸಿಕನೋ?’ ಕೇಳಿದ ಕ್ಲರ್ಕ್. ಎರಡೂ ಅಲ್ಲ ಅಂದರು. ಅವನು ಪುಸ್ತಕ ಹಿಂದೆ ಮುಂದೆ ತಿರುವಿ, ಮುಖಪುಟದ ನೀರು ನೋಡಿ, ‘ನೀರಾವರಿ’ ಅಂತ ಬರೆದುಕೊಂಡ. ಮಾಸ್ತರು ತಿದ್ದಲಿಲ್ಲ. ಆ ಇಲಾಖೆಗಾದರೂ ಬಜೆಟ್ ಇರುತ್ತದಲ್ಲ.